ಮಕ್ಕಳಿಗೆ ಟ್ರ್ಯಾಕ್ಟರ್ ಕಲಿಸುವಾಗ: ಮೊದಲು ನಿಲ್ಲಿಸುವುದು, ಆಮೇಲೆ ಓಡಿಸುವುದು

ಹೈಸ್ಕೂಲು ಮುಗಿಸಿದ ಮಗನೋ ಮಗಳೋ ಟ್ರ್ಯಾಕ್ಟರ್ ಕಲಿಸಿ ಎಂದು ಬೆನ್ನು ಬಿದ್ದರೆ, ಮನೆಯವರು ಮೊದಲು ತೋರಿಸುವುದು ಸ್ಟಾರ್ಟ್ ಮಾಡುವುದನ್ನು. ಮೊದಲ ದಿನ ಕಲಿಸಬೇಕಾದದ್ದು ಎಂಜಿನ್ ನಿಲ್ಲಿಸುವುದನ್ನು. ಬೈಕಿನ ಹಾಗೆ ಕೀಲಿ ತಿರುಗಿಸಿದರೆ ಸಾಕು ಎಂದು ಮಕ್ಕಳು ಅಂದುಕೊಂಡಿರುತ್ತಾರೆ. ಹಳ್ಳಿಗಳಲ್ಲಿರುವ ಎಷ್ಟೋ ಹಳೆಯ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಕೀಲಿ ತೆಗೆದರೂ ಎಂಜಿನ್ ಓಡುತ್ತಲೇ ಇರುತ್ತದೆ. ಡೀಸೆಲ್ ಕಡಿಯುವ ಸ್ಟಾಪ್ ನಾಬ್ ಎಳೆದು, ಸದ್ದು ಪೂರ್ತಿ ನಿಲ್ಲುವವರೆಗೆ ಹಿಡಿದಿರಬೇಕು. ಕಣ್ಣು ಮುಚ್ಚಿದರೂ ಕೈ ನೇರ ಆ ನಾಬ್‌ಗೆ ಹೋಗುವಷ್ಟು ಸಲ ಮಾಡಿಸಿ.

ಕಾನೂನಿನ ಮಾತು ಮೊದಲೇ ಸ್ಪಷ್ಟವಾಗಿರಲಿ. 18 ತುಂಬುವ ಮುನ್ನ, ಲೈಸೆನ್ಸ್ ಇಲ್ಲದೆ, ರಸ್ತೆಗೆ ಟ್ರ್ಯಾಕ್ಟರ್ ಇಳಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನಂತೆ, ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕಲಿಕೆ ಏನಿದ್ದರೂ ನಿಮ್ಮದೇ ಸಮತಟ್ಟು ಹೊಲದಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲಿ ನೆಲದ ಮೇಲೆ ನಿಂತು ನೋಡುತ್ತಿರುವಾಗ.

ವಯಸ್ಸಿನಷ್ಟೇ ಮುಖ್ಯ ಕಾಲಿನ ಉದ್ದ. ಸೀಟಿಗೆ ಬೆನ್ನು ಒರಗಿಸಿ ಕೂತು ಕ್ಲಚ್ಚನ್ನು ಕೊನೆತನಕ ಒತ್ತಲಿ. ಮುಂದಕ್ಕೆ ಜಾರಿದರೆ ಮಾತ್ರ ಎಟುಕುತ್ತದೆ ಎಂದಾದರೆ ಇನ್ನೂ ಒಂದು ವರ್ಷ ಕಾಯಿರಿ. ಅವಸರದಲ್ಲಿ ಬ್ರೇಕಿಗೂ ಹಾಗೇ ಜಾರಬೇಕಾಗುತ್ತದೆ.

ಸ್ಟಾರ್ಟ್ ಮಾಡುವ ಮುನ್ನ ದಿನವೂ ಒಂದೇ ಕ್ರಮ: ಹ್ಯಾಂಡ್‌ಬ್ರೇಕ್ ಹಾಕಿದೆಯೇ, ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಪಿಟಿಒ (ಎಂಜಿನ್ನಿನ ಬಲವನ್ನು ಹಿಂದಿನ ಯಂತ್ರಕ್ಕೆ ಕೊಡುವ, ತಿರುಗುವ ಶಾಫ್ಟ್) ಲಿವರ್ ಆಫ್ ಇದೆಯೇ, ಹಿಂದಿನ ನೇಗಿಲೋ ಮಣ್ಣು ಪುಡಿಮಾಡುವ ರೋಟವೇಟರೋ ನೆಲಕ್ಕೆ ಇಳಿದಿದೆಯೇ. ಬಾಯಿಬಿಟ್ಟು ಹೇಳುತ್ತಾ ಮುಟ್ಟಿ ನೋಡಲಿ, ಆಮೇಲೆ ಕ್ಲಚ್ ಒತ್ತಿ ಕೀಲಿ ತಿರುಗಿಸಲಿ. ಕೆಳಗೆ ನಿಂತು ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಕೊಟ್ಟು ಸ್ಟಾರ್ಟ್ ಮಾಡುವ ಚಾಳಿಯನ್ನು ಮಕ್ಕಳ ಎದುರು ಎಂದೂ ತೋರಿಸಬೇಡಿ. ಗೇರಿನಲ್ಲಿದ್ದರೆ ಟ್ರ್ಯಾಕ್ಟರ್ ಹಾರಿ ಮುಂದೆ ಹೋಗುತ್ತದೆ, ಹಿಂದಿನ ಚಕ್ರ ನಿಂತವರ ಮೇಲೇ ಹಾಯುತ್ತದೆ.

ಪಿಟಿಒ ಪಾಠಕ್ಕೆ ಒಂದು ಇಡೀ ದಿನ ಕೊಡಿ. ಎಂಜಿನ್ ಆಫ್ ಮಾಡಿ, ಕೀಲಿ ನಿಮ್ಮ ಜೇಬಿನಲ್ಲಿಟ್ಟುಕೊಂಡು, ಹಳೆಯ ಲುಂಗಿಯೊಂದರ ತುದಿಯನ್ನು ಶಾಫ್ಟಿಗೆ ಕಟ್ಟಿ ಕೈಯಿಂದಲೇ ಸುತ್ತಿಸಿ. ಶಾಫ್ಟ್ 7 ಸೆಂ.ಮೀ. ದಪ್ಪವಿದ್ದರೆ ಒಂದು ಸುತ್ತಿಗೆ ಸುಮಾರು 22 ಸೆಂ.ಮೀ. ಬಟ್ಟೆ ಒಳಗೆ ಹೋಗುತ್ತದೆ. ಒಂಬತ್ತು ಸುತ್ತಿಗೆ ಎರಡು ಮೀಟರ್ ಲುಂಗಿ ಮುಗಿದೇ ಹೋಗುತ್ತದೆ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಆ ಒಂಬತ್ತು ಸುತ್ತು. ಎಳೆದುಕೊಂಡು ಬಿಡಿಸಿಕೊಳ್ಳೋಣ ಎಂದು ಯೋಚಿಸುವಷ್ಟು ಹೊತ್ತೂ ಇಲ್ಲ ಎಂಬುದು ಕೈಯಲ್ಲಿ ಬಟ್ಟೆ ಸುತ್ತಿದಾಗಲೇ ಅವರಿಗೆ ಅರ್ಥವಾಗುತ್ತದೆ. ಹಾಗಾಗಿ ಲುಂಗಿ, ಹೆಗಲ ಮೇಲಿನ ಟವೆಲ್, ದುಪಟ್ಟಾ, ಬಿಟ್ಟ ಜಡೆ, ಸಡಿಲ ತೋಳಿನ ಅಂಗಿ ಯಾವುದೂ ಹತ್ತಿರ ಬರಕೂಡದು. ಶಾಫ್ಟಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಅದನ್ನು ಬದಲಿಸಿದ ಮೇಲೆಯೇ ಕೆಲಸ. ತಿರುಗುವ ಶಾಫ್ಟನ್ನು ದಾಟಬಾರದು, ಸುತ್ತಿಕೊಂಡು ಹೋಗಬೇಕು. ರೋಟವೇಟರಿನ ಬ್ಲೇಡಿಗೆ ಕಳೆ ಸುತ್ತಿಕೊಂಡರೆ ಬಿಡಿಸುವುದು ಪಿಟಿಒ ಆಫ್ ಮಾಡಿ, ಎಂಜಿನ್ ನಿಲ್ಲಿಸಿ, ಬ್ಲೇಡ್ ಸಂಪೂರ್ಣ ನಿಂತ ಮೇಲೆ. ಹೈಡ್ರಾಲಿಕ್‌ನಿಂದ ಎತ್ತಿ ನಿಲ್ಲಿಸಿದ ಯಂತ್ರದ ಅಡಿಗೆ, ಗಟ್ಟಿ ಮರದ ದಿಮ್ಮಿಗಳ ಆಧಾರ ಕೊಡದೆ ಕೈಯನ್ನೂ ಹಾಕಬಾರದು. ಯಾರಾದರೂ ಲಿವರ್ ಮುಟ್ಟಿದರೆ ಅದು ಇಳಿದುಬಿಡುತ್ತದೆ.

ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದು ಏಕೆ ಎಂದು ಮಕ್ಕಳು ತಪ್ಪದೆ ಕೇಳುತ್ತಾರೆ. ಹಿಂದಿನ ಚಕ್ರಗಳು ಕೆಸರಿನಲ್ಲಿ ಕಚ್ಚಿಕೊಂಡು ತಿರುಗದಿದ್ದರೆ, ಎಂಜಿನ್ನಿನ ಬಲ ಟ್ರ್ಯಾಕ್ಟರನ್ನೇ ಆಕ್ಸಲ್ ಸುತ್ತ ಎತ್ತುತ್ತದೆ. ಮೂತಿ ಮೇಲೆದ್ದು ಪೂರ್ತಿ ಬೋರಲಾಗಲು ಒಂದೂವರೆ ಸೆಕೆಂಡ್ ಸಾಕು. ಗದ್ದೆಯಲ್ಲಿ ಸಿಕ್ಕಿಬಿದ್ದರೆ ಮುಂದೆ ಗೇರ್ ಹಾಕಿ ರೇಸ್ ಕೊಡಬಾರದು, ಚಕ್ರಕ್ಕೆ ಕಟ್ಟಿಗೆ ಕಟ್ಟಬಾರದು. ಹಿಂದೆ ಅಗೆದು ರಿವರ್ಸ್‌ನಲ್ಲಿ ಮೆಲ್ಲಗೆ ಬರಬೇಕು. ಬರದಿದ್ದರೆ ಇನ್ನೊಂದು ಟ್ರ್ಯಾಕ್ಟರ್ ತರಿಸಬೇಕು. ಏನನ್ನಾದರೂ ಎಳೆಯುವಾಗ ಸರಪಳಿಯನ್ನು ಕೆಳಗಿನ ಹಿಚ್‌ಗೇ (ಎಳೆಯಲೆಂದೇ ಇರುವ ಕೊಂಡಿಗೇ) ಹಾಕಬೇಕು. ನೇಗಿಲನ್ನು ಮೇಲಿನಿಂದ ಹಿಡಿಯುವ ಟಾಪ್ ಲಿಂಕಿನ ಜಾಗಕ್ಕೋ ಆಕ್ಸಲಿಗೋ ಕಟ್ಟಿದರೆ ಎಳೆತವೇ ಮೂತಿ ಎತ್ತುತ್ತದೆ.

ಪಕ್ಕಕ್ಕೆ ಮಗುಚುವುದು ಹೆಚ್ಚಾಗಿ ಬದುವಿನಲ್ಲಿ, ಕಾಲುವೆ ಅಂಚಿನಲ್ಲಿ. ಹಳ್ಳ ಎಷ್ಟು ಆಳವೋ ಕನಿಷ್ಠ ಅಷ್ಟು ದೂರದಲ್ಲಿ ಚಕ್ರ ಇರಲಿ. ಮಳೆ ಬಿದ್ದ ಮೇಲೆ ಇನ್ನೂ ದೂರ. ಮಗುಚಿದಾಗ ಕಾಪಾಡುವ ಕಬ್ಬಿಣದ ಫ್ರೇಮ್ ಇದ್ದರೆ ಸೀಟ್ ಬೆಲ್ಟ್ ಹಾಕಲೇಬೇಕು. ಫ್ರೇಮ್ ಇಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟ್ ಕಟ್ಟಿಕೊಳ್ಳಬಾರದು.

ಎಡ ಬಲದ ಬ್ರೇಕ್ ಪೆಡಲ್‌ಗಳು ಹೊಲದ ತಿರುವಿನಲ್ಲಿ ಬೇರೆ ಬೇರೆ ಇರಬಹುದು, ಹೊಲ ಬಿಡುವಾಗ ಕೊಂಡಿ ಹಾಕಿ ಜೋಡಿಸಬೇಕು. ಮರೆತರೆ ವೇಗದಲ್ಲಿ ಒಂದೇ ಚಕ್ರ ಹಿಡಿದು ಟ್ರ್ಯಾಕ್ಟರ್ ಥಟ್ಟನೆ ಪಕ್ಕಕ್ಕೆ ಎಳೆಯುತ್ತದೆ, ಹಿಂದಿನ ಟ್ರೇಲರ್ ದಬ್ಬುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬಾರದು. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಿಕೊಳ್ಳಬೇಕು.

ಮಡ್‌ಗಾರ್ಡಿನ ಮೇಲೆ ತಮ್ಮನನ್ನೋ ಗೆಳೆಯನನ್ನೋ ಕೂರಿಸಿಕೊಳ್ಳುವುದು ಊರೂರಲ್ಲೂ ಇದೆ. ಒಂದು ಗುಂಡಿಗೆ ಇಳಿದರೆ ಅಲ್ಲಿಂದ ಬೀಳುವವರು ನೇರ ಹಿಂದಿನ ಚಕ್ರದ ಕೆಳಗೇ ಬೀಳುತ್ತಾರೆ. ಕಲಿಸುವ ನೀವೂ ಅಲ್ಲಿ ಕೂರಬೇಡಿ. ಕೂತರೆ ನಾಳೆ ಅವರೂ ಇನ್ನೊಬ್ಬರನ್ನು ಕೂರಿಸುತ್ತಾರೆ. ದಿನದ ಪಾಠ ಮುಗಿದ ಮೇಲೆ ಕೀಲಿ ಟ್ರ್ಯಾಕ್ಟರಿನಲ್ಲಿ ಉಳಿಯದೆ ಮನೆಯೊಳಗೆ, ದೊಡ್ಡವರ ಕೈಯಲ್ಲೇ ಇರಲಿ.