ನಿಬೆಲುಂಗೆನ್‌ಲೀಡ್ ಕುರಿತು ಸಂಶೋಧನೆ ಆರಂಭಿಸುವ ಬಗೆ

ಮಧ್ಯಯುಗದ ಜರ್ಮನ್ ಸಾಹಿತ್ಯವನ್ನು ಸಂಶೋಧನೆಗೆ ಆರಿಸಿಕೊಂಡವರು ‘ಮಧ್ಯಯುಗದಲ್ಲಿ ವೀರ’, ‘ಆಸ್ಥಾನ ಮತ್ತು ಪ್ರೇಮ’ ಎಂಬಂಥ ಹರಹಿನ ವಿಷಯವನ್ನು ಹಿಡಿದು ಹೊರಟರೆ, ಓದಬೇಕಾದ ಗ್ರಂಥಗಳ ರಾಶಿಯಲ್ಲಿ ಮೂಲಪಠ್ಯವೇ ಕಣ್ಮರೆಯಾಗುತ್ತದೆ. ಒಂದು ಕೃತಿ, ಅದರ ಎರಡು ಹಸ್ತಪ್ರತಿಗಳು, ಅವೆರಡರ ನಡುವೆ ಕಥನ ಕವಲೊಡೆಯುವ ಒಂದು ಸನ್ನಿವೇಶ ಇಷ್ಟನ್ನೇ ಮೊದಲ ಪ್ರಬಂಧಕ್ಕೆ ಇಟ್ಟುಕೊಳ್ಳುವುದು ಸೂಕ್ತ. ಇದಕ್ಕೆ ಸುಮಾರು 1200ರಲ್ಲಿ ರಚಿತವಾದ, ಕವಿಯ ಹೆಸರು ಉಳಿಯದ, 39 ಭಾಗಗಳ ನಿಬೆಲುಂಗೆನ್‌ಲೀಡ್ ಮಹಾಕಾವ್ಯ ಬಹಳ ಒದಗಿಬರುತ್ತದೆ.

ಈ ಕಾವ್ಯದ ಪೂರ್ಣ ಹಾಗೂ ತ್ರುಟಿತ ಪ್ರತಿಗಳು ಮೂವತ್ತಕ್ಕೂ ಹೆಚ್ಚಿವೆ. ಅವುಗಳಲ್ಲಿ ಮುಖ್ಯವಾದವು ಮೂರು: ಮ್ಯೂನಿಕ್‌ನ ‘ಎ’, ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಮಠದ ಗ್ರಂಥಾಲಯದಲ್ಲಿರುವ ‘ಬಿ’, ಕಾರ್ಲ್ಸ್‌ರೂಹೆಯ ‘ಸಿ’. 2009ರಲ್ಲಿ ಯುನೆಸ್ಕೊ ಈ ಮೂರನ್ನೂ ವಿಶ್ವಸ್ಮೃತಿ ದಾಖಲೆಗಳ ಪಟ್ಟಿಗೆ ಸೇರಿಸಿತು. ಕಾರ್ಲ್ ಲಾಖ್‌ಮನ್ 1826ರ ತಮ್ಮ ಆವೃತ್ತಿಗೆ ‘ಎ’ಯನ್ನು ಆಧಾರವಾಗಿಟ್ಟುಕೊಂಡರು; ಬಳಿಕ ಕಾರ್ಲ್ ಬಾರ್ಚ್ ‘ಬಿ’ಯನ್ನು ನೆಚ್ಚಿದರು. ಆದ್ದರಿಂದ ಕೈಯಲ್ಲಿರುವ ಮುದ್ರಿತ ಪುಸ್ತಕ ಯಾವ ಪ್ರತಿಯನ್ನು ಅನುಸರಿಸಿದೆ ಎಂಬುದನ್ನು ಪ್ರಸ್ತಾವನೆಯಲ್ಲಿ ನೋಡಿಕೊಳ್ಳದೆ ಒಂದು ಪದ್ಯವನ್ನೂ ಉದ್ಧರಿಸಬಾರದು. ಪಾಠಾಂತರಗಳ ಪರಿಚಯವಿರುವ ಕನ್ನಡದ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಈ ಎಚ್ಚರವನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಹೋಲಿಕೆಗೆ ಮೈಕೆಲ್ ಬ್ಯಾಟ್ಸ್ 1971ರಲ್ಲಿ ಹೊರತಂದ ಆವೃತ್ತಿ ತುಂಬ ಅನುಕೂಲಕರ. ಅದರಲ್ಲಿ ಮೂರೂ ಪ್ರತಿಗಳ ಪಾಠಗಳು ಸಮಾನಾಂತರವಾಗಿ ಅಚ್ಚಾಗಿವೆ. ಕಾವ್ಯದ ಕೊನೆಯ ಭಾಗದಿಂದಲೇ ಹೋಲಿಸತೊಡಗಬಹುದು. ತನ್ನ ಗಂಡನನ್ನು ಕೊಂದು ಈಗ ಬಂಧಿಯಾಗಿರುವ ಹಾಗೆನ್‌ನ ಮುಂದೆ ನಿಂತ ರಾಣಿ ಕ್ರೀಮ್‌ಹಿಲ್ಟ್, ತನ್ನಿಂದ ಕಸಿದದ್ದನ್ನು ಹಿಂದಿರುಗಿಸೆಂದು ಕೇಳುತ್ತಾಳೆ. ತನ್ನ ಒಡೆಯರಲ್ಲಿ ಒಬ್ಬರು ಬದುಕಿರುವವರೆಗೂ, ಅವಳಿಂದ ಕಸಿದು ಬಚ್ಚಿಟ್ಟ ನಿಧಿಯ ಗುಟ್ಟು ಬಿಡುವುದಿಲ್ಲವೆಂದು ಆಣೆ ಮಾಡಿರುವುದಾಗಿ ಅವನು ಹೇಳುತ್ತಾನೆ. ಅವಳು ಹಾಗೆನ್‌ನ ಒಡೆಯನೂ ಆದ ತನ್ನ ಅಣ್ಣ ಗುಂಟರ್‌ನ ತಲೆ ಕಡಿಸಿ, ಆ ರುಂಡವನ್ನು ಕೂದಲು ಹಿಡಿದು ಹಾಗೆನ್‌ನ ಮುಂದೆ ತರುತ್ತಾಳೆ. ಹಾಗೆನ್ ಏಕೆ ಹಾಗೆ ನುಡಿದನೆಂಬುದನ್ನು ‘ಬಿ’ ಪ್ರತಿ ಬಿಡಿಸಿ ಹೇಳದೆ ಮುಂದೆ ಸಾಗುತ್ತದೆ. ‘ಸಿ’ ಪ್ರತಿಯಾದರೋ ನಡುವೆ ಒಂದು ಪದ್ಯವನ್ನು ಹೆಚ್ಚಿಗೆ ಸೇರಿಸಿ, ತನ್ನನ್ನು ಅವಳು ಉಳಿಸುವುದಿಲ್ಲವೆಂದು ಹಾಗೆನ್‌ಗೆ ತಿಳಿದಿತ್ತು, ತನ್ನನ್ನು ಕೊಂದ ಮೇಲೆ ಅವಳು ಅಣ್ಣ ಗುಂಟರ್‌ನನ್ನು ಊರಿಗೆ ಹೋಗಗೊಟ್ಟಾಳೆಂಬ ಅಂಜಿಕೆಯಿಂದಲೇ ಹಾಗೆ ನುಡಿದ ಎಂದು ಅವನ ದ್ರೋಹವನ್ನು ಎತ್ತಿ ತೋರಿಸುತ್ತದೆ. ಕೊಲೆಯ ಹೊಣೆ ಅಷ್ಟರಮಟ್ಟಿಗೆ ಕ್ರೀಮ್‌ಹಿಲ್ಟಳಿಂದ ಹಾಗೆನ್‌ನತ್ತ ಸರಿಯುತ್ತದೆ. ಆ ಒಂದು ಪದ್ಯ ಯಾರ ಪರವಾಗಿ ವಾದಿಸುತ್ತಿದೆ, ಇದೇ ಒಲವು ‘ಸಿ’ಯಲ್ಲಿ ಇನ್ನೆಲ್ಲಿ ಕಾಣುತ್ತದೆ, ಹಸ್ತಪ್ರತಿಗಳಲ್ಲಿ ಕಾವ್ಯ ಮುಗಿದೊಡನೆ ಬರುವ ‘ಕ್ಲಾಗೆ’ ಎಂಬ ಶೋಕಕೃತಿಯಲ್ಲಿ ಕ್ರೀಮ್‌ಹಿಲ್ಟಳ ಸಮರ್ಥನೆ ಹೇಗೆ ಬಂದಿದೆ ಎಂಬ ಪ್ರಶ್ನೆಗಳೇ ಒಂದು ಪ್ರಬಂಧಕ್ಕೆ ಸಾಕಷ್ಟು ಸಾಮಗ್ರಿ. ಇಲ್ಲಿ ‘ಮೂಲ ಯಾವುದು’ ಎಂಬ ಹುಡುಕಾಟಕ್ಕೆ ಬಲಿಬೀಳುವುದು ಬೇಡ. 1996ರಲ್ಲಿ ಜರ್ಮನ್ ವಿದ್ವಾಂಸ ಯೋಆಕಿಂ ಬುಮ್ಕೆ ‘ಕ್ಲಾಗೆ’ಯ ಪಾಠಗಳನ್ನು ಪರಿಶೀಲಿಸಿ, ಸಮಾನ ಮಾನ್ಯತೆಯುಳ್ಳ ಹಲವು ರೂಪಗಳು ಜೊತೆಯಾಗಿಯೇ ಚಲಾವಣೆಯಲ್ಲಿದ್ದುವೆಂದು ವಾದಿಸಿದ ಮೇಲೆ, ಒಂದೇ ಮೂಲವನ್ನು ಕಂಡುಕೊಳ್ಳಬಹುದೆಂಬ ಲಾಖ್‌ಮನ್ ಕಾಲದ ನಿಶ್ಚಿಂತೆ ಉಳಿದಿಲ್ಲ.

ಮುದ್ರಿತ ಪಾಠದಲ್ಲಿ ಗೊತ್ತುಮಾಡಿಕೊಂಡ ಪದ್ಯವನ್ನು ಹಸ್ತಪ್ರತಿಯಲ್ಲೇ ನೋಡುವುದು ಮುಂದಿನ ಕೆಲಸ. ‘ಬಿ’ ಪ್ರತಿಯಿರುವ ಸೇಂಟ್ ಗಾಲೆನ್‌ನ 857ನೆಯ ಸಂಖ್ಯೆಯ ಸಂಪುಟದ ಪುಟಚಿತ್ರಗಳು ‘ಇ-ಕೋಡಿಸೆಸ್’ ಎಂಬ ಸ್ವಿಸ್ ಡಿಜಿಟಲ್ ಸಂಗ್ರಹದಲ್ಲಿ ಉಚಿತವಾಗಿ ದೊರೆಯುತ್ತವೆ. ಪಾರ್ಟ್ಸಿಫಾಲ್ ಎಂಬ ಮಧ್ಯಯುಗದ ಇನ್ನೊಂದು ಜರ್ಮನ್ ಕಾವ್ಯವೂ ಅದೇ ಸಂಪುಟದಲ್ಲಿದೆ. ಮುದ್ರಿತ ಪಾಠದಲ್ಲಿ ದೀರ್ಘಸ್ವರದ ಮೇಲೆ ಕಾಣುವ ಟೋಪಿಯಂಥ ಚಿಹ್ನೆಯೂ ಏಕರೂಪದ ಕಾಗುಣಿತವೂ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ಸಂಪಾದಕರ ಕೊಡುಗೆ. ಚರ್ಮಪತ್ರದ ಮೇಲೆ ಲಿಪಿಕಾರನು ಅಕ್ಷರದ ನೆತ್ತಿಯ ಮೇಲೆ ಗೆರೆಯೊಂದನ್ನೆಳೆದು, ನಾವು ಸೊನ್ನೆ ಬಳಸುವ ಹಾಗೆ, ಮುಂದಿನ ಅನುನಾಸಿಕವನ್ನು ಸೂಚಿಸಿಬಿಡುತ್ತಾನೆ. ಇಂಥ ಸಂಕ್ಷೇಪಗಳಿಗೆ ಕಣ್ಣು ಒಗ್ಗಲು ಕೆಲವು ಪುಟಗಳನ್ನು ಕೈಯಿಂದಲೇ ನಕಲು ಮಾಡಿ ಮುದ್ರಿತ ಪಾಠದೊಡನೆ ತಾಳೆ ನೋಡಬೇಕು.

ಕಾವ್ಯದ ಮಧ್ಯಯುಗದ ಜರ್ಮನ್ ಕಲಿಯಲು ಅಡ್ಡದಾರಿಯಿಲ್ಲ. ಇಂದಿನ ಜರ್ಮನ್ ಬಲ್ಲವರು ಪರಿಚಿತವಾಗಿ ಕಾಣುವ ಪದಗಳನ್ನೇ ಹೆಚ್ಚು ಅನುಮಾನಿಸಿ, ಮಟಿಯಾಸ್ ಲೆಕ್ಸರ್ 1872ರಿಂದ 1878ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಆ ಹಳೆಯ ಭಾಷೆಯ ನಿಘಂಟನ್ನು ತೆರೆಯಬೇಕು. ಟ್ರಿಯರ್ ವಿಶ್ವವಿದ್ಯಾಲಯದ ನಿಘಂಟು ಜಾಲದಲ್ಲಿ ಅದು ಲಭ್ಯವಿದೆ. ಯಾವ ಪ್ರತಿ ಎಲ್ಲಿದೆ, ಯಾವ ಕಾಲದ್ದು ಎಂಬ ವಿವರಗಳಿಗೆ ‘ಹ್ಯಾಂಡ್‌ಶ್ರಿಫ್ಟೆನ್‌ಸೆನ್ಸಸ್’ ಎಂಬ ಅಂತರಜಾಲ ಸೂಚಿಯನ್ನು ಅವಲಂಬಿಸಬಹುದು.

ಟಿಪ್ಪಣಿ ಮಾಡಿಕೊಳ್ಳುವಾಗ ಪ್ರತಿಯ ಅಕ್ಷರ, ಪುಟ, ಪದ್ಯಸಂಖ್ಯೆ ಮತ್ತು ಆ ಸಂಖ್ಯೆ ಯಾವ ಸಂಪಾದಕರದು ಎಂಬ ನಾಲ್ಕನ್ನೂ ಆಗಲೇ ಬರೆದಿಡಬೇಕು. ‘ಸಿ’ಯಲ್ಲಿ ಪದ್ಯಗಳು ಹೆಚ್ಚಿರುವುದರಿಂದ ಒಂದೇ ಪದ್ಯಕ್ಕೆ ಎರಡು ಆವೃತ್ತಿಗಳಲ್ಲಿ ಬೇರೆ ಬೇರೆ ಸಂಖ್ಯೆಗಳು ಬೀಳುತ್ತವೆ, ಬರೀ ಸಂಖ್ಯೆ ಕೊಟ್ಟ ಉದ್ಧರಣೆಯನ್ನು ಪರೀಕ್ಷಕರು ಹುಡುಕಿದರೆ ಅವರಿಗೆ ಬೇರೊಂದು ಪದ್ಯ ಸಿಗುತ್ತದೆ.