ಇಡ್ಲಿ ಪಾತ್ರೆಯಲ್ಲಿ ಬೆಂದ ಅಜಿತಾಮಾ

ಟೋಕಿಯೋದ ನಿಶಿ-ಕಸಾಯಿಯಲ್ಲಿ ನಮ್ಮ ಮನೆ. ರಾಮೆನ್ ಎಂಬ ಜಪಾನಿ ನೂಡಲ್ ಸೂಪಿನ ಮೇಲೆ ಇಡುವ ಮೊಟ್ಟೆಯೇ ಅಜಿತಾಮಾ: ಹಳದಿ ಅರೆಬೆಂದಿರುವಾಗಲೇ ತೆಗೆದು, ಸಿಪ್ಪೆ ಸುಲಿದು ಸೋಯಾ ಸಾಸ್ ರಸದಲ್ಲಿ ನೆನೆಸಿದ್ದು. ಹತ್ತಿರದ ರಾಮೆನ್ ಅಂಗಡಿಯಲ್ಲಿ ಒಂದು ಅಜಿತಾಮಾ ಜಾಸ್ತಿ ಕೇಳಿದರೆ 130 ಯೆನ್ನೋ 150 ಯೆನ್ನೋ ಆಗುತ್ತದೆ. ನಾವು ನಾಲ್ಕು ಜನ. ಮಕ್ಕಳಿಬ್ಬರಿಗೂ ಎರಡೆರಡು ಬೇಕು. ಹತ್ತು ಮೊಟ್ಟೆಯ ಪ್ಯಾಕೇ ಆಗ 220 ಯೆನ್ನಿಗೆ ಸಿಗುತ್ತಿತ್ತು. ಮನೆಯಲ್ಲೇ ಮಾಡೋಣ, ಮೊಟ್ಟೆ ಬೇಯಿಸುವುದರಲ್ಲಿ ಏನು ಮಹಾ ಅಂದುಕೊಂಡೆ. ಆ ಮಾತು ಬಾಯಿಗೆ ಬಂದದ್ದೇ ತಪ್ಪು.

ಮೊದಲ ಸಲ ಸಣ್ಣ ಪಾತ್ರೆಯಲ್ಲಿ ಹತ್ತನ್ನೂ ಒಟ್ಟಿಗೆ ಬಿಟ್ಟೆ. ಫ್ರಿಜ್‌ನ ಹತ್ತು ಮೊಟ್ಟೆ ಬಿದ್ದ ಕೂಡಲೇ ಕುದಿ ನಿಂತೇ ಹೋಯಿತು. ಟೈಮರ್ ಮಾತ್ರ ಓಡುತ್ತಲೇ ಇತ್ತು. ಒಡೆದರೆ ಬಿಳಿಯೇ ಇನ್ನೂ ಲೋಳೆ. ಮುಂದಿನ ವಾರ ಅಷ್ಟೇ ಹೊತ್ತು ನಾಲ್ಕೇ ನಾಲ್ಕು ಬೇಯಿಸಿದೆ. ಹಳದಿ ಬೇಸನ್ ಉಂಡೆಯಾಗಿತ್ತು.

ಸಿಪ್ಪೆಯ ಗೋಳು ಇನ್ನೊಂದು. ಅಂಗಡಿಯಲ್ಲಿ ಹಿಂದಿನ ಸಾಲಿಗೆ ಕೈ ಹಾಕಿ ತಾಜಾ ಪ್ಯಾಕ್ ಎಳೆಯುವ ಚಾಳಿ ನನಗೆ. ತಾಜಾ ಮೊಟ್ಟೆಯ ಸಿಪ್ಪೆ ಬಿಳಿಯನ್ನೂ ಕಿತ್ತುಕೊಂಡೇ ಬರುತ್ತದೆ. ಈಗ ರಿಯಾಯಿತಿ ಸ್ಟಿಕ್ಕರ್ ಅಂಟಿಸಿದ, ತಾರೀಕು ಹತ್ತಿರ ಬಂದ ಪ್ಯಾಕನ್ನೇ ಹುಡುಕುತ್ತೇನೆ. ಇಲ್ಲಿ ಪ್ಯಾಕಿನ ಮೇಲಿನ ತಾರೀಕು ಹಸಿಯಾಗಿ ತಿನ್ನಲು ಕೊಟ್ಟ ಗಡುವು. ಹಾಗಾಗಿ ಅದರೊಳಗೆ ಮುಗಿಸಿದರೆ ಚಿಂತೆಯಿಲ್ಲ, ದುಡ್ಡೂ ಉಳಿಯುತ್ತದೆ.

ಮೂರನೇ ಸಲ ಮೊಟ್ಟೆ ಸರಿಯಾಗಿ ಬೆಂದಿತ್ತು, ಅದನ್ನು ನೆನೆಸುವ ಮ್ಯಾರಿನೇಡ್ ಕೈಕೊಟ್ಟಿತು. ನೀರೇ ಹಾಕದೆ ಶೋಯು (ಜಪಾನಿ ಸೋಯಾ ಸಾಸ್), ಮಿರಿನ್ (ಅಡುಗೆಗೆ ಹಾಕುವ ಸಿಹಿ ಅಕ್ಕಿ ಮದ್ಯ) ಸಮಸಮ ಸುರಿದು ಎರಡು ದಿನ ಇಟ್ಟೆ. ಬಿಳಿ ರಬ್ಬರಾಗಿತ್ತು, ಉಪ್ಪಿನಕಾಯಿಯೇ ವಾಸಿ. ಅಷ್ಟರಲ್ಲಿ 2023ರ ವಸಂತ ಬಂತು. ಹಕ್ಕಿ ಜ್ವರದಿಂದ ಕೋಳಿಗಳನ್ನು ಕೋಟಿ ಲೆಕ್ಕದಲ್ಲಿ ಕೊಂದಿದ್ದರು. ಯಾವಾಗಲೂ ಅಗ್ಗ ಎಂದು ಹೆಸರಾದ ಮೊಟ್ಟೆ ನಮ್ಮ ಅಂಗಡಿಯಲ್ಲಿ ಪ್ಯಾಕಿಗೆ 300 ಯೆನ್ ದಾಟಿತು. "ನಿಮ್ಮ ಪ್ರಯೋಗಾಲಯ ಬಂದ್" ಎಂದಳು ಹೆಂಡತಿ. ಒಟ್ಟು ಐವತ್ತು ಮೊಟ್ಟೆಯಾದರೂ ಹಾಳಾಗಿರಬೇಕು. ಹಾಳು ಅಂದರೆ ಎಸೆಯಲಿಲ್ಲ, ಎಲ್ಲಾ ಬುರ್ಜಿ ಆಯಿತು.

ಆ ವರ್ಷ ರಜೆಗೆ ಬೆಂಗಳೂರಿಗೆ ಹೋದಾಗ ಅಣ್ಣನ ಮನೆಯಲ್ಲಿ ಜಂಬ ತೋರಿಸಲು ಹೊರಟೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅದಕ್ಕೆ 40 ಸೆಕೆಂಡ್ ಹೆಚ್ಚು ಎಂದು ಎಲ್ಲರೆದುರು ಲೆಕ್ಕ ಒಪ್ಪಿಸಿದೆ. ಕತ್ತರಿಸಿದರೆ ಹಳದಿ ಕಲ್ಲು. ಊರಿನ ಮೊಟ್ಟೆ ಚಿಕ್ಕದು, 50 ಗ್ರಾಂ ಆಸುಪಾಸು. ಟೋಕಿಯೋದಲ್ಲಿ ನಾನು ತರುವುದು 64ರಿಂದ 70 ಗ್ರಾಂನ ಎಲ್ ಸೈಜು. ಸಾಲದ್ದಕ್ಕೆ ಅಣ್ಣನ ಮನೆಯ ಮೊಟ್ಟೆ ಫ್ರಿಜ್ಜನ್ನೇ ಕಂಡಿರಲಿಲ್ಲ. ಸೋಯಾ ಸಾಸೂ ಗೋಬಿ ಮಂಚೂರಿಗೆ ಹಾಕುವಂಥದ್ದು, ಮೊಟ್ಟೆ ಡಾಂಬರು ಬಳಿದ ಹಾಗಾಯಿತು. ಅಣ್ಣ ಇವತ್ತಿಗೂ ಫೋನಿನಲ್ಲಿ "ಡಾಂಬರು ಮೊಟ್ಟೆ ಹೇಗಿದೆ?" ಎನ್ನುತ್ತಾನೆ.

ಆದರೆ ಒಂದು ವಿಷಯ ತಲೆಗೆ ಹೋಯಿತು. ಮೊಟ್ಟೆಯ ತೂಕ, ಅದು ಎಷ್ಟು ತಣ್ಣಗಿದೆ, ಪಾತ್ರೆಯ ಕುದಿ ನಿಲ್ಲುತ್ತದೋ ಇಲ್ಲವೋ: ಎಲ್ಲಾ ಇವುಗಳಲ್ಲೇ ಇದೆ. ಮೊದಲೆರಡನ್ನು ತಕ್ಕಡಿ, ಫ್ರಿಜ್ ನೋಡಿಕೊಳ್ಳುತ್ತವೆ. ಮೂರನೆಯದಕ್ಕೆ ಉತ್ತರ ಒಂದು ಭಾನುವಾರ ಬೆಳಿಗ್ಗೆ ಒಲೆಯ ಮೇಲೇ ಕೂತಿತ್ತು. ಇಡ್ಲಿ ಪಾತ್ರೆ! ತಳದಲ್ಲಿ ಎರಡು ಬೆರಳು ನೀರು, ಹಬೆ ತಕ್ಷಣ ತಿರುಗಿ ಏಳುತ್ತದೆ. ನಾಲ್ಕು ಮೊಟ್ಟೆ ಇಟ್ಟರೂ ಎಂಟು ಇಟ್ಟರೂ ಹೆಚ್ಚುಕಡಿಮೆ ಒಂದೇ ಹೊತ್ತು.

ಇಡ್ಲಿಗೆ ಮೊಟ್ಟೆ ವಾಸನೆ ಹತ್ತುತ್ತದೆ ಎಂದು ಮನೆಯಲ್ಲಿ ತಕರಾರು. ಅದಕ್ಕೆ ಬೇರೆ ತಟ್ಟೆಗಳನ್ನು ಇಟ್ಟಿದ್ದೇನೆ. ಹುಟ್ಟಿದಾಗಿನಿಂದ ರಾಮೆನ್ ತಿಂದು ಬೆಳೆದ ನನ್ನ ಜಪಾನಿ ಸಹೋದ್ಯೋಗಿಯೂ ನಂಬಲಿಲ್ಲ. ಕುದಿಯುವ ನೀರಿನಲ್ಲಿ ಚಾಪ್‌ಸ್ಟಿಕ್‌ನಿಂದ ಉರುಳಿಸುತ್ತಿರಬೇಕು, ಇಲ್ಲದಿದ್ದರೆ ಹಳದಿ ಒಂದು ಪಕ್ಕಕ್ಕೆ ಕೂರುತ್ತದೆ ಎಂದರು. ಆ ಮಾತು ನಿಜ. ಮೊದಲ ಎರಡು ಬ್ಯಾಚು ಹಾಗೇ ಆಯಿತು. ಈಗ ಹಿಂದಿನ ರಾತ್ರಿ ಫ್ರಿಜ್‌ನೊಳಗೇ ಒಂದು ಸಣ್ಣ ಕೆಲಸ ಮಾಡುತ್ತೇನೆ, ಹಳದಿ ನಟ್ಟನಡುವೆ ಇರುತ್ತದೆ. ಅದೇನು ಅಂತ ಸದ್ಯಕ್ಕೆ ಹೇಳುವುದಿಲ್ಲ.

ಮಧ್ಯದ ತಟ್ಟೆ ತೆಗೆಯಬೇಕು, ಇಲ್ಲದಿದ್ದರೆ ಮೊಟ್ಟೆಗೆ ಜಾಗ ಸಾಲದು. ಕೆಳಗೆ ನಾಲ್ಕು, ಮೇಲೆ ನಾಲ್ಕು. ಉಳಿದ ಎರಡು ಬೆಳಗಿನ ಆಮ್ಲೆಟ್‌ಗೆ. ಅಗಲದ ತುದಿಗೆ 110 ಯೆನ್ನಿನ ಪಂಚಿಂಗ್ ಸೂಜಿಯಿಂದ ಒಂದು ತೂತು. ಹಬೆ ಜೋರಾಗಿ ಬಂದ ಮೇಲೆ ಇಟ್ಟು, ಎಲ್ ಸೈಜಿಗೆ 6 ನಿಮಿಷ 45 ಸೆಕೆಂಡ್ ಆಸುಪಾಸು. ಎಂ ಸೈಜಾದರೆ 20 ಸೆಕೆಂಡ್ ಕಡಿಮೆ. ಆಮೇಲೆ ಐಸ್ ನೀರು, ಹತ್ತು ನಿಮಿಷ. ಇಲ್ಲಿ ಜಿಪುಣತನ ಬೇಡ, ಐಸ್ ಧಾರಾಳವಾಗಿರಲಿ. ಸಿಪ್ಪೆ ಟೊಪ್ಪಿಗೆಯ ಹಾಗೆ ಕಳಚಿ ಬರುತ್ತದೆ.

ಮ್ಯಾರಿನೇಡ್ ಈಗ ತೆಳು: ಶೋಯು 100 ಮಿಲಿ, ಮಿರಿನ್ 100, ನೀರು 200, ಒಂದು ಚಮಚ ಸಕ್ಕರೆ. ಜೊತೆಗೆ ಇನ್ನೊಂದು ಒಣ ವಸ್ತು ಬೀಳುತ್ತದೆ, ಅದು ನನ್ನ ಹತ್ತಿರವೇ ಇರಲಿ. ಅಸಲಿ ಮಿರಿನ್‌ನಲ್ಲಿ ಶೇಕಡಾ 14ರಷ್ಟು ಆಲ್ಕೋಹಾಲ್ ಇರುತ್ತದೆ. ಮಕ್ಕಳು ತಿನ್ನುವುದರಿಂದ ಅದನ್ನು ಚೆನ್ನಾಗಿ ಕುದಿಸಿಯೇ ಉಳಿದದ್ದು ಸೇರಿಸುತ್ತೇನೆ. ಪೂರ್ತಿ ತಣ್ಣಗಾಗಬೇಕು. ಬಿಸಿಯಿದ್ದಾಗಲೇ ಸುರಿದು ಒಮ್ಮೆ ಹಳದಿಯನ್ನು ಹಾಳು ಮಾಡಿಕೊಂಡಿದ್ದೇನೆ. ಜಿಪ್ ಚೀಲದಲ್ಲಿ ಗಾಳಿ ತೆಗೆದು ಫ್ರಿಜ್‌ನಲ್ಲಿ ಒಂದೂವರೆ ದಿನ. ಉಪ್ಪು ನಿಧಾನವಾಗಿ ಒಳಗಿಳಿದು ಹಳದಿ ಜೋನಿಬೆಲ್ಲದ ಹಾಗಾಗುತ್ತದೆ. ಚಾಕು ಹಾಕಬೇಡಿ, ದಾರದಿಂದ ಕತ್ತರಿಸಿ.

ನಾನು ಲೆಕ್ಕ ಹಾಕಿದಾಗ ಒಂದು ಅಜಿತಾಮಾಗೆ ಮೊಟ್ಟೆಯದ್ದು 28, ಮ್ಯಾರಿನೇಡ್‌ದು 12, ಒಟ್ಟು 40 ಯೆನ್ ಬಿದ್ದಿತ್ತು. ಗ್ಯಾಸ್ ಲೆಕ್ಕಕ್ಕೆ ಹಿಡಿದಿಲ್ಲ. ಸಹೋದ್ಯೋಗಿ ಎರಡು ತಿಂದು ಯಾವ ಅಂಗಡಿಯದ್ದು ಎಂದು ಕೇಳಿದರು. ಐವತ್ತು ಮೊಟ್ಟೆಯ ದುಡ್ಡು ಅವತ್ತೇ ವಸೂಲಾಯಿತು.

ನಡುವೆ ತರಲೆಗಳೂ ಆದವು. ಮ್ಯಾರಿನೇಡ್‌ಗೆ ಸಾರಿನ ಪುಡಿ ಹಾಕಿದೆ, ಮೊಟ್ಟೆಗೆ ಕಷಾಯದ ವಾಸನೆ ಬಂತು. ಬ್ಯಾಡಗಿ ಮೆಣಸಿನಕಾಯಿ ಎರಡು ಮುರಿದು ಹಾಕಿದ್ದು ಮಾತ್ರ ಚೆನ್ನಾಗಿತ್ತು, ಬಿಸಿ ಅನ್ನಕ್ಕೆ ಅದೇ ಸಾಕು. ಗೌಜಲ ಹಕ್ಕಿಯ ಮೊಟ್ಟೆ ಎರಡೂವರೆ ನಿಮಿಷಕ್ಕೆ ಬೇಯುತ್ತದೆ, ಇಪ್ಪತ್ತು ಸುಲಿಯುವಷ್ಟರಲ್ಲಿ ಬೆರಳು ಸತ್ತುಹೋಗುತ್ತದೆ.

ಮೊಟ್ಟೆಯನ್ನು ಮೂರು ದಿನದೊಳಗೆ ಮುಗಿಸುತ್ತೇವೆ. ಉಳಿದ ಮ್ಯಾರಿನೇಡ್ ಮತ್ತೆ ಮೊಟ್ಟೆಗೆ ಹಾಕುವುದಿಲ್ಲ. ಅದನ್ನು ಕುದಿಸಿ ಬದನೆಕಾಯಿ ಪಲ್ಯಕ್ಕೆ ಹಾಕುತ್ತೇವೆ, ಉಪ್ಪು ಬೇರೆ ಬೇಡ.