ಬೆಟ್ಟದ ಮೇಲಿನ ಸಿಗ್ನಲ್ ಮನೆಗೆ ಬಂದದ್ದು ಹೀಗೆ

ಈ ಮಳೆಗಾಲವೂ ದಾಟಿತು, ನಮ್ಮನೆ ಇಂಟರ್ನೆಟ್ ಲೈನ್ ಕೈಕೊಡಲಿಲ್ಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. "ತಗ್ಗಿನ ಮನೆಗೆ ಇಂಟರ್ನೆಟ್ಟಾ? ಸುಮ್ನೆ ದುಡ್ಡು ದಂಡ" ಅಂದವರೇ ಇವತ್ತು ನಮ್ಮ ಜಗಲಿಯಲ್ಲಿ ಕೂತು ಬೆಂಗಳೂರಿನ ಮಕ್ಕಳಿಗೆ ವಿಡಿಯೊ ಕಾಲ್ ಮಾಡುತ್ತಾರೆ.

ನಮ್ಮ ಮನೆ ಸಿದ್ದಾಪುರದ ಕಡೆ. ಮೂರು ದಿಕ್ಕಿಗೆ ಬೆಟ್ಟ, ಎದುರಿಗೆ ಅಡಿಕೆ ತೋಟ. ಅಂಗಳದಲ್ಲಿ ಆರ್‌ಎಸ್‌ಆರ್‌ಪಿ (ಮೊಬೈಲ್ ಸಿಗ್ನಲ್ಲಿನ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಮೈನಸ್ 118ರ ಆಸುಪಾಸು, ಒಳಗೆ ಅದೂ ಇಲ್ಲ. 2020ರಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ಮೇಲೆ ಟಾರ್ಪಾಲ್ ಕಟ್ಟಿಕೊಂಡು ಪಾಠ ಕೇಳಿದರಲ್ಲ, ನಮ್ಮನೆಯವೂ ಅದರಲ್ಲಿ ಇದ್ದವು. ಆವಾಗ ಹಿಡಿದ ಹಟ ಇದು.

ಮೊಬೈಲ್ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಹಾಕಿ ಅಂತ ಎಲ್ಲರೂ ಹೇಳಿದರು. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ, ಮೇಲಾಗಿ ಟವರಿಗೇ ತೊಂದರೆ ಕೊಟ್ಟು ಸುತ್ತಲಿನವರ ಸಿಗ್ನಲ್ಲೂ ಕೆಡಿಸುತ್ತದೆ. ಅದರ ಗೋಜಿಗೇ ಹೋಗಲಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮಾಡಿನ ಮೇಲೆ ಎಲ್‌ಪಿಡಿಎ ಆಂಟೆನಾ (ಒಂದೇ ದಿಕ್ಕಿಗೆ ಗುರಿ ಇಡುವಂಥದ್ದು), ಅಲ್ಲಿಂದ ಮನೆಯೊಳಗಿನ ಸಿಮ್ ಹಾಕುವ ರೌಟರಿಗೆ ಕೋಯಾಕ್ಸ್, ಅಂದರೆ ಆಂಟೆನಾ ಕೇಬಲ್. ಆಂಟೆನಾ ಹೆಚ್ಚಿಸಿ ಕೊಡುವುದು 10 ಡಿಬಿ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ). 1800 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ58 ಕೇಬಲ್ ಮೀಟರಿಗೆ ಮುಕ್ಕಾಲು ಡಿಬಿ ಹತ್ತಿರ ನುಂಗುತ್ತದೆ. 15 ಮೀಟರ್ ಎಳೆದರೆ ಬಂದದ್ದೆಲ್ಲ ಅಲ್ಲಿಗೇ ಹೋಯಿತು. ಎಲ್‌ಎಂಆರ್400 ಅನ್ನುವ ಕಡಿಮೆ ನುಂಗುವ ಕೇಬಲ್ ಹಾಕಬಹುದು, ಆದರೆ ಅದರ ರೇಟು ಕೇಳಿದರೆ ತಲೆ ತಿರುಗುತ್ತದೆ.

ಆಮೇಲೆ ಬೆಟ್ಟದ ಮೇಲೆ ರೌಟರ್ ಇಟ್ಟು, ಅಲ್ಲಿಂದ ಮನೆಗೆ ತಂತಿಯಿಲ್ಲದೆ ಡೇಟಾ ಕಳಿಸುವ 5 ಗಿಗಾಹರ್ಟ್ಸ್ ಜೋಡಿ ಹಾಕಿದೆ. ಹತ್ತು ಸಾವಿರದ ಹತ್ತಿರ ಹೋಯಿತು. ಬೇಸಿಗೆಯಲ್ಲಿ ಏನು ಓಡಿತು ಅಂತೀರಿ! ಜೂನ್ ಮಳೆ ಹಿಡಿದು ನಡುವಿನ ಮರಗಳ ಎಲೆ ಒದ್ದೆಯಾದದ್ದೇ ತಡ, ಲಿಂಕ್ ಬೀಳುವುದು, ಏಳುವುದು. ಅರ್ಧ ಬೆಲೆಗೆ ಮಾರಿದೆ. ಮುಂದಿನದು ಕ್ಯಾಟ್6, ತಾಮ್ರದ ನೆಟ್‌ವರ್ಕ್ ಕೇಬಲ್. ನಮ್ಮ ದೂರ 280 ಮೀಟರ್ ಚಿಲ್ಲರೆ, ಅದರ ಮಿತಿ 100. ನಡುವೆ ಎರಡು ಸ್ವಿಚ್ ಕೂರಿಸಿದೆ. ಏಪ್ರಿಲ್‌ನ ಗುಡುಗು ಮಳೆಗೆ ಒಂದೇ ಸಿಡಿಲು: ಸ್ವಿಚ್ ಎರಡೂ, ರೌಟರಿನ ಪೋರ್ಟು, ಮನೆಯ ಟಿವಿ ಬಾಕ್ಸು, ಎಲ್ಲ ಸುಟ್ಟವು. ಪಕ್ಕದ ಮನೆ ಭಾವ ಬಂದು ನೋಡಿ, "ಸಾಕು ಮಾರಾಯ, ಇನ್ನಾದ್ರೂ ಬಿಡು" ಅಂದ.

ಬಿಡಲಿಲ್ಲ. ರೌಟರ್ ಸಿಗ್ನಲ್ ಇರುವಲ್ಲೇ ಇರಬೇಕು, ಮನೆಗೆ ಬರಬೇಕಾದದ್ದು ಬರೀ ಡೇಟಾ. ಇಷ್ಟು ಗಟ್ಟಿಯಾಗಿತ್ತು. ಆ ಡೇಟಾ ತಾಮ್ರದ ಮೇಲೆ ಬರಬಾರದು, ಗಾಜಿನ ಮೇಲೆ ಬರಬೇಕು. ಅಂದರೆ ಫೈಬರ್.

ಮೊದಲು ಬೆಟ್ಟದ ಮೇಲೆ ಆಂಟೆನಾ ಕಂಬಕ್ಕೆ ಜಾಗ ಹುಡುಕಬೇಕಲ್ಲ. ಅದಕ್ಕೆ ಅಡಿಕೆ ಕೊನೆ ಕೊಯ್ಯುವ ಕಾರ್ಬನ್ ದೋಟಿ (ಉದ್ದನೆಯ ಕೋಲು) ತಂದೆ. ತುದಿಗೆ ಎರಡು ಮೊಳದ ಬಿದಿರು ಕಟ್ಟಿ, ಅದರ ತುದಿಗೆ ಹಳೆ ಫೋನ್. ಕಾರ್ಬನ್‌ಗೆ ತಾಗಿದ್ದರೆ ರೀಡಿಂಗ್ ನಂಬುವ ಹಾಗಿಲ್ಲ, ಅದಕ್ಕೇ ಬಿದಿರು. ಸಿಗ್ನಲ್ ಬರೆದಿಟ್ಟುಕೊಳ್ಳುವ ಆ್ಯಪ್ ಹಾಕಿ ದೋಟಿ ಎತ್ತಿದೆ. 20 ಅಡಿಯಲ್ಲಿ ಮೈನಸ್ 108, 35 ಅಡಿಗೆ 103, ಇನ್ನೂ ಎತ್ತಿದರೆ ಏನೂ ವ್ಯತ್ಯಾಸ ಇಲ್ಲ. ಅದೇ ನಾಲ್ಕು ಮಾರು ಪಕ್ಕಕ್ಕೆ ಸರಿದರೆ 20 ಅಡಿಯಲ್ಲೇ 101! ಎತ್ತರಕ್ಕಿಂತ ಜಾಗ ಮುಖ್ಯ. ಇದರಿಂದ ಜಿಐ ಪೈಪಿನ ಖರ್ಚು ಅರ್ಧ ಉಳಿಯಿತು. ಕರೆಂಟ್ ತಂತಿ ಹತ್ತಿರ ಇರುವಲ್ಲಿ ಮಾತ್ರ ಇದು ಬೇಡವೇ ಬೇಡ, ಕಾರ್ಬನ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ.

ಹಳೆ ಡಿಟಿಎಚ್ ತಟ್ಟೆಯನ್ನೂ ಬಿಡಲಿಲ್ಲ. ಎಲ್‌ಎನ್‌ಬಿ (ತಟ್ಟೆಯ ಎದುರಿನ ಸಿಗ್ನಲ್ ಹಿಡಿಯುವ ಮೂತಿ) ಬಿಚ್ಚಿ ಆ ಜಾಗಕ್ಕೆ ಸಿಮ್ ಹಾಕುವ ಡಾಂಗಲ್ ಕಟ್ಟಿದೆ. 8–9 ಡಿಬಿ ಏರಿತು, ಸುಳ್ಳಲ್ಲ. ಆದರೆ ಅದು ಆಫ್‌ಸೆಟ್ ತಟ್ಟೆ, ನೋಡಿದ ದಿಕ್ಕು ಒಂದು, ಹಿಡಿಯುವ ದಿಕ್ಕು ಇನ್ನೊಂದು. ಗಾಳಿಗೆ ಸ್ವಲ್ಪ ತಿರುಗಿದರೂ ಮುಗಿಯಿತು. ಕೊನೆಗೆ ಎರಡು ಎಲ್‌ಪಿಡಿಎ, ಒಂದು 45 ಡಿಗ್ರಿ ಈ ಕಡೆ ವಾಲಿಸಿ, ಇನ್ನೊಂದು ಆ ಕಡೆ. ರೌಟರ್ ಕಂಬದಲ್ಲೇ ಡಬ್ಬಿಯೊಳಗೆ, ಕೋಯಾಕ್ಸ್ ಒಂದು ಮೀಟರ್ ಮೀರದ ಹಾಗೆ. ರೌಟರನ್ನು ಬ್ಯಾಂಡ್ 3ಕ್ಕೆ (1800 ಮೆಗಾಹರ್ಟ್ಸ್) ಲಾಕ್ ಮಾಡಿದೆ. ಬ್ಯಾಂಡ್ 5 (850 ಮೆಗಾಹರ್ಟ್ಸ್) ಬೆಟ್ಟ ದಾಟಿ ಚೆನ್ನಾಗಿ ಬರುತ್ತದೆ, ಆದರೆ ನಮ್ಮ ಕಡೆ ಅದರಲ್ಲಿ ವೇಗ ಇಲ್ಲ. ಈಗ ಮೈನಸ್ 93.

ಫೈಬರ್ ಅಂದರೆ ಕೇಬಲ್ ಟಿವಿಯವರು ಎಳೆಯುವ ಎರಡು ಕೋರಿನ (ಗಾಜಿನ ಎಳೆಯ) ಡ್ರಾಪ್ ಕೇಬಲ್ಲೇ. ರೋಲ್ ಮೂರು ಸಾವಿರ ಚಿಲ್ಲರೆ. ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ನೆಟ್‌ವರ್ಕ್ ಕೇಬಲ್ಲಿಗೆ ಬದಲಿಸುವ ಡಬ್ಬಿ), ಜೋಡಿಯಲ್ಲಿ ಎ ಒಂದು, ಬಿ ಒಂದು; ಒಂದೇ ಕೋರ್ ಸಾಕು. ಕೇಬಲ್ ಪಕ್ಕದಲ್ಲಿ ಒಂದು ಉಕ್ಕಿನ ತಂತಿ ಅಂಟಿಕೊಂಡು ಬರುತ್ತದೆ. ಸಿಡಿಲಿಗೆ ಅದೂ ದಾರಿಯೇ. ಬ್ಲೇಡಿನಲ್ಲಿ ಸೀಳಿ ಉದ್ದಕ್ಕೂ ಸುಲಿದು ತೆಗೆದೆ. ಒಳಗಿನ ಎರಡು ಕಡ್ಡಿಗಳು ಎಫ್‌ಆರ್‌ಪಿ (ಗಾಜಿನ ನಾರಿನ ಪ್ಲಾಸ್ಟಿಕ್) ಇರುವುದನ್ನೇ ಕೇಳಿ ತಗೊಳ್ಳಿ, ಉಕ್ಕಿನದು ಬೇಡ. ಅಳಿಲು, ಇಲಿ ಕಡಿಯಬಾರದು ಅಂತ ಸ್ಪ್ರಿಂಕ್ಲರಿಗೆ ತಂದು ಉಳಿದ ಕಪ್ಪು ಪೈಪಿನೊಳಗೆ ಹಾಯಿಸಿದೆ. ಅಷ್ಟು ಉದ್ದದ ಪೈಪಿನಲ್ಲಿ ಜಾಯಿಂಟ್ ಇಲ್ಲದೆ ಕೇಬಲ್ ಹೇಗೆ ದಾಟಿಸಿದೆ ಅನ್ನುವುದು ನಾನೇ ಕಂಡುಕೊಂಡ ಉಪಾಯ. ಮನೆಗೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಕಾಡಿದ್ದು ಕರೆಂಟು. ರೌಟರ್, ಕನ್ವರ್ಟರ್ ಸೇರಿ 8–9 ವ್ಯಾಟ್ ಅಷ್ಟೇ. ಹಳೆ ಇನ್ವರ್ಟರ್ ಬ್ಯಾಟರಿ, 100 ವ್ಯಾಟ್ ಪ್ಯಾನೆಲ್. ಲೆಕ್ಕಕ್ಕೆ ಧಾರಾಳ ಆಯಿತು. ಜುಲೈನಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿದೆ? ಇನ್ನೊಂದು ಪ್ಯಾನೆಲ್ ಸೇರಿಸಿದೆ, ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಟೈಮರ್ ಹಾಕಿ ಆಫ್ ಮಾಡಿದೆ. ಆಮೇಲೆ ತೊಂದರೆ ಇಲ್ಲ.

ಮನೆಯೊಳಗೆ ಒಂದೂವರೆ ಅಡಿ ಮಣ್ಣಿನ ಗೋಡೆ. ವೈಫೈಯನ್ನು ಅಟ್ಟದ ಮೇಲೆ ಇಟ್ಟೆ. ಗೋಡೆ ದಾಟುವುದರ ಬದಲು ಹಲಗೆ ದಾಟಿ ಕೆಳಗಿಳಿಯುತ್ತದೆ. ಅಡುಗೆಮನೆಗೂ ಸಿಗುತ್ತದೆ.

ಖರ್ಚು ಇಪ್ಪತ್ತೈದು ಸಾವಿರದ ಒಳಗೆ, ಬ್ಯಾಟರಿ ಬಿಟ್ಟು. ಅದಕ್ಕೂ ಮೊದಲು ಹೋದದ್ದು ಹದಿನೈದು ಇರಬೇಕು. ಹಗಲು 25–30 ಎಂಬಿಪಿಎಸ್, ಸಂಜೆ 12ಕ್ಕೆ ಇಳಿಯುತ್ತದೆ. ಮಗಳು ವಾರಗಟ್ಟಲೆ ಇಲ್ಲೇ ಕೂತು ಆಫೀಸ್ ಕೆಲಸ ಮಾಡುತ್ತಾಳೆ.

ಫೈಬರಿನ ಎರಡನೇ ಕೋರ್ ಖಾಲಿ ಇತ್ತು. ದೀಪಾವಳಿ ಮುಗಿದ ಮೇಲೆ ಅದು ಭಾವನ ಮನೆಗೆ. ಅದೇ ಕಂಬಕ್ಕೆ ಅವನದೇ ರೌಟರ್, ಅವನದೇ ಸಿಮ್. ಪೈಪ್ ಈಗಾಗಲೇ ತಂದಿಟ್ಟಿದ್ದಾನೆ.